ಬಿದನೂರಿನ ಬಾಗಿಲು ತೆರೆದ ರಾಣಿ: ಕೆಳದಿ ಚೆನ್ನಮ್ಮನನ್ನು ಹುಡುಕುತ್ತಾ ಮೂರು ತಾಲ್ಲೂಕು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಒಂದು ಪೋಸ್ಟರ್ ಬಂತು. ಕುದುರೆ ಮೇಲೆ ಕತ್ತಿ ಹಿಡಿದ ರಾಣಿ, ಕೆಳಗೆ ಕೆಳದಿ ಚೆನ್ನಮ್ಮ ಅಂತ ಹೆಸರು. ಔರಂಗಜೇಬನನ್ನು ಸೋಲಿಸಿದ ಹಿಂದೂ ವೀರರಾಣಿ ಅಂತ ಮೊದಲ ಸಾಲು, ಬ್ರಿಟಿಷರ ವಿರುದ್ಧ ಯುದ್ಧ ಮಾಡಿದಳು ಅಂತ ಎರಡನೇ ಸಾಲು. ಎರಡನೆಯದು ಕಿತ್ತೂರು ಚೆನ್ನಮ್ಮನ ಕಥೆ. ಅದು ನಡೆದಿದ್ದು 1824ರಲ್ಲಿ, ಕೆಳದಿಯ ಚೆನ್ನಮ್ಮ ತೀರಿಕೊಂಡು ನೂರಿಪ್ಪತ್ತು ವರ್ಷಕ್ಕೂ ಹೆಚ್ಚಾದ ಮೇಲೆ. ಇಬ್ಬರು ಹೆಣ್ಣುಮಕ್ಕಳನ್ನು ಒಂದೇ ಕುದುರೆ ಮೇಲೆ ಕೂರಿಸಿದ್ದರು. ಗ್ರೂಪಿನಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ಕೈಮುಗಿಯುವ ಎಮೋಜಿ ಹಾಕಿದರು.

ನಾನು ಸಾಗರದ ಕಡೆಯವನು. ಅಜ್ಜನ ಊರು ಈಗ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ನಮ್ಮ ಅಜ್ಜಿ ಹೇಳುತ್ತಿದ್ದ ಚೆನ್ನಮ್ಮನ ಕಥೆಯಲ್ಲಿ ಕತ್ತಿ ಅಷ್ಟಾಗಿ ಇರಲಿಲ್ಲ. ಊರು ಬಿಟ್ಟು ಬಂದವನಿಗೆ ಜಾಗ ಕೊಟ್ಟವಳು ಅಂತ ಅವಳನ್ನು ನೆನೆಯುತ್ತಿದ್ದರು. ಪೋಸ್ಟರಿನ ರಾಣಿಗೂ ಅಜ್ಜಿಯ ರಾಣಿಗೂ ಇಷ್ಟು ದೂರ ಯಾಕೆ ಅಂತ ನೋಡಲು ಬೈಕ್ ಹತ್ತಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರು ದಿನ.

ಕೆಳದಿ: ಶೆಟ್ಟರ ಮಗಳು

ಸಾಗರದಿಂದ ಕೆಳದಿಗೆ ಸುಮಾರು 8 ಕಿಲೋಮೀಟರ್. ಈಗ ಅದೊಂದು ಸಣ್ಣ ಊರು. ರಾಮೇಶ್ವರ, ವೀರಭದ್ರ, ಪಾರ್ವತಿ ಗುಡಿಗಳು ಒಂದೇ ಆವರಣದಲ್ಲಿವೆ. ವೀರಭದ್ರ ಗುಡಿಯ ಛಾವಣಿಯಲ್ಲಿ ಗಂಡಭೇರುಂಡದ ಕೆತ್ತನೆ ಇದೆ, ಕತ್ತು ನೋಯುವವರೆಗೂ ನೋಡಬಹುದು. ವಿಜಯನಗರದ ಅಧೀನದಲ್ಲಿ ಇಲ್ಲಿ ಶುರುವಾದ ನಾಯಕರ ಮನೆತನ ರಾಜಧಾನಿಯನ್ನು ಮೊದಲು ಇಕ್ಕೇರಿಗೆ, ಆಮೇಲೆ ಬಿದನೂರಿಗೆ ಸಾಗಿಸಿತು.

ಚೆನ್ನಮ್ಮ ಅರಮನೆಯಲ್ಲಿ ಹುಟ್ಟಿದವಳಲ್ಲ. ಕೋಟಿಪುರದ ಸಿದ್ದಪ್ಪ ಶೆಟ್ಟಿ ಎಂಬ ವ್ಯಾಪಾರಿಯ ಮಗಳು. ರಾಮೇಶ್ವರನ ಜಾತ್ರೆಗೆ ಬಂದಿದ್ದ ಅವಳನ್ನು ಅರಸ ಸೋಮಶೇಖರ ನಾಯಕ ನೋಡಿ ಮೆಚ್ಚಿದ ಅಂತ ಇಲ್ಲಿಯ ಕಥೆ ಹೇಳುತ್ತದೆ. ರಾಜಮನೆತನದ ಹುಡುಗಿಯರನ್ನು ಬಿಟ್ಟು ಶೆಟ್ಟರ ಮಗಳನ್ನು ತರುವುದಾ ಅಂತ ಆಸ್ಥಾನದಲ್ಲಿ ಗೊಣಗಾಟ ಆಯಿತಂತೆ. 1667ರಲ್ಲಿ ಮದುವೆ ನಡೆಯಿತು. ಜಾತ್ರೆಯ ಕಥೆ ಎಷ್ಟು ನಿಜವೋ ಬಿಡಿ, ವ್ಯಾಪಾರಿಯ ಮಗಳು ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಮುಂದೆ ಅವಳ ರಾಜಕೀಯ ಅರ್ಥವಾಗಲು ಅದು ಬೇಕು.

ಇಕ್ಕೇರಿ: ಬೇಡಿ ತೊಟ್ಟ ಅರಸ

ಇಕ್ಕೇರಿಯಲ್ಲಿ ಉಳಿದಿರುವುದು ಅಘೋರೇಶ್ವರ ದೇವಸ್ಥಾನ. ಬೃಹತ್ ಕಲ್ಲಿನ ಗುಡಿ, ಎದುರಿಗೆ ನಂದಿ ಮಂಟಪ. ಗರ್ಭಗುಡಿಯ ಮುಂದಿನ ನೆಲದಲ್ಲಿ ಅಡ್ಡಬಿದ್ದು ನಮಸ್ಕರಿಸುವ ಮೂವರು ನಾಯಕರ ಕೆತ್ತನೆಗಳಿವೆ. ಅವರಲ್ಲಿ ಒಬ್ಬನ ಕೈಕಾಲಿಗೆ ಬೇಡಿ ಇದೆ, ಅವನು ಹುಚ್ಚ ಸೋಮಶೇಖರ ಅಂತ ರೈಸ್ ಅವರ ಗೆಜೆಟಿಯರ್ ಬರೆದಿಟ್ಟಿದೆ.

ಚೆನ್ನಮ್ಮನ ಗಂಡನ ಕೊನೆಯ ದಿನಗಳೂ ಹೀಗೇ ಇದ್ದವು. ಕಲಾವತಿ ಎಂಬ ನರ್ತಕಿಯ ಮೋಹಕ್ಕೆ ಬಿದ್ದ, ಅವಳ ಸಾಕುತಂದೆ ಭರಮೆ ಮಾವುತನ ಕೈಗೊಂಬೆಯಾದ, ಮದ್ದು ತಿಂದು ಬುದ್ಧಿ ಕೆಟ್ಟ ಅಂತ ಕಥೆ. ಒಂದು ರಾಜ್ಯ ಕುಸಿದಾಗ ತಪ್ಪನ್ನು ಒಬ್ಬ ನರ್ತಕಿಯ ತಲೆಗೆ ಕಟ್ಟುವುದು ನಮ್ಮ ಹಳೇ ಚಾಳಿ. ಅರಸನಿಗೆ ಸ್ವಂತ ಬುದ್ಧಿ ಇರಲಿಲ್ಲವಾ ಅಂತ ಯಾರೂ ಕೇಳುವುದಿಲ್ಲ. ಇದ್ದ ಸಂಗತಿ ಇಷ್ಟು: ಅರಸ ಆಡಳಿತ ಕೈಬಿಟ್ಟಿದ್ದ, ಮಕ್ಕಳಿರಲಿಲ್ಲ, ಆಸ್ಥಾನದ ಬಣಗಳು ತಮ್ಮ ತಮ್ಮ ಹುಡುಗನನ್ನು ದತ್ತು ಕೊಟ್ಟು ಗದ್ದುಗೆ ಹಿಡಿಯಲು ಕಾಯುತ್ತಿದ್ದವು. ಈ ಸುದ್ದಿ ಬಿಜಾಪುರ ಮುಟ್ಟಿತು. ಸುಲ್ತಾನ ಮೊದಲು ಕಳಿಸಿದ್ದು ರಾಯಭಾರಿಯನ್ನು. ಅವನ ಹೆಸರು ಜನ್ನೋಪಂತ. ಹೆಸರು ಗಮನಿಸಿ, ಸುಲ್ತಾನನ ಪರವಾಗಿ ಬಂದವನು ಬ್ರಾಹ್ಮಣ. ಅವನ ಹಿಂದೆ ಸೇನೆ ಬಂತು. ಪಿತೂರಿಯಲ್ಲಿ ಸೋಮಶೇಖರನ ಕೊಲೆಯಾಯಿತು.

ಕವಲೇದುರ್ಗ: ಕಾಡಿನೊಳಗೆ ಪಟ್ಟ

ರಾಜಧಾನಿ ಬಿದನೂರನ್ನು ಉಳಿಸಿಕೊಳ್ಳಲು ಆಗುವುದಿಲ್ಲ ಅಂತ ಗೊತ್ತಾದಾಗ ಚೆನ್ನಮ್ಮ ಅಲ್ಲೇ ಕೂತು ಸಾಯಲಿಲ್ಲ. ಖಜಾನೆ ಕಟ್ಟಿಸಿಕೊಂಡು ಭುವನಗಿರಿ ದುರ್ಗಕ್ಕೆ ಹೊರಟಳು. ಅದೇ ಇವತ್ತಿನ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ.

ನಾನು ಹೋದಾಗ ಸಣ್ಣಗೆ ಜಡಿ ಹಿಡಿದಿತ್ತು. ಗದ್ದೆ ಅಂಚಿನ ಮೇಲೆ ನಡೆದು ಕಾಡು ಹೊಕ್ಕರೆ ಪಾಚಿ ಹಿಡಿದ ಕಲ್ಲಿನ ದಾರಿ. ಒಂದಾದ ಮೇಲೆ ಒಂದು ಬಾಗಿಲು, ಒಂದೊಂದು ಬಾಗಿಲಿಗೂ ದಾರಿ ತಿರುಗುತ್ತದೆ. ಕುದುರೆ ಓಡಿಸಿಕೊಂಡು ಬರಲು ಸಾಧ್ಯವಿಲ್ಲ, ಫಿರಂಗಿ ಎಳೆದು ತರಲು ಇನ್ನೂ ಕಷ್ಟ. ಮೇಲೆ ಕಾಶಿ ವಿಶ್ವನಾಥನ ಗುಡಿ, ಕೊಳಗಳು, ಅರಮನೆಯ ಕಲ್ಲಿನ ತಳಪಾಯ, ಅಡುಗೆ ಮನೆಯ ಒಲೆ. ಮಂಜು ಸರಿದಾಗ ಸುತ್ತ ಕಾಡು ಬಿಟ್ಟು ಬೇರೇನೂ ಕಾಣಲಿಲ್ಲ. ಬಿಜಾಪುರದ ಬಯಲಿನಿಂದ ಬಂದ ಸೈನಿಕನಿಗೆ ಈ ಮಳೆ, ಈ ಇಂಬಳ, ಈ ಇಕ್ಕಟ್ಟು ದಾರಿ ಹೇಗಿದ್ದಿರಬಹುದು ಯೋಚಿಸಿ. ರಾಣಿಯ ಅರ್ಧ ಸೈನ್ಯ ಮಲೆನಾಡೇ ಆಗಿತ್ತು.

1672ರ ಸುಮಾರಿಗೆ ಅವಳಿಗೆ ಪಟ್ಟವಾಗಿದ್ದು ಇಲ್ಲೇ. ಹಿಂದೆ ಮನಸ್ತಾಪವಾಗಿ ದೂರ ಸರಿದಿದ್ದ ತಿಮ್ಮಣ್ಣ ನಾಯಕನಂಥವರು ಮರಳಿ ಬಂದು ಜೊತೆ ನಿಂತರು. ಕಾಡಿನ ದಾರಿಗಳಲ್ಲಿ ಬಿಜಾಪುರದ ಸೇನೆ ಸೋತಿತು, ಬಿದನೂರು ವಾಪಸ್ ಸಿಕ್ಕಿತು. ಪಿತೂರಿ ಮಾಡಿದವರಿಗೆ ಶಿಕ್ಷೆಯಾಯಿತು. ಅಲ್ಲಿಂದ ಸುಮಾರು 25 ವರ್ಷ ಅವಳದೇ ಆಡಳಿತ.

ವಾರಸುದಾರನ ಪ್ರಶ್ನೆಯನ್ನು ಅವಳು ಬಗೆಹರಿಸಿದ ರೀತಿಯೂ ನೋಡಬೇಕು. ಬಣಗಳು ತಂದು ನಿಲ್ಲಿಸಿದ ಹುಡುಗರನ್ನು ಬಿಟ್ಟು, ಬಿದನೂರಿನ ಮರ್ಕಪ್ಪ ಶೆಟ್ಟಿಯ ಮಗ ಬಸಪ್ಪನನ್ನು ದತ್ತು ತೆಗೆದುಕೊಂಡಳು. ಶೆಟ್ಟರ ಮಗಳು ಶೆಟ್ಟರ ಮಗನನ್ನೇ ಅರಸನನ್ನಾಗಿ ಬೆಳೆಸಿದಳು. ಆ ಹುಡುಗನೇ ಮುಂದೆ ಶಿವತತ್ತ್ವರತ್ನಾಕರ ಎಂಬ ಸಂಸ್ಕೃತ ವಿಶ್ವಕೋಶ ಬರೆದ ಬಸಪ್ಪ ನಾಯಕ. ರಾಜರಕ್ತ ಅನ್ನುವ ಮಾತಿಗೆ ಕೆಳದಿಯಲ್ಲಿ ಅಷ್ಟೇ ಬೆಲೆ.

ನಗರ: ಬಾಗಿಲಿಗೆ ಬಂದ ಅತಿಥಿ

ಮೂರನೇ ದಿನ ಅವಳ ಹಾಗೇ ನಾನೂ ದುರ್ಗ ಇಳಿದು ಬಿದನೂರಿಗೆ ಬಂದೆ. ಈಗ ಅದು ಹೊಸನಗರ ತಾಲ್ಲೂಕಿನ ನಗರ. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಊರನ್ನು ಗೆದ್ದ ಹೈದರಾಲಿ ಅದಕ್ಕೆ ಹೈದರ್‌ನಗರ ಅಂತ ಹೆಸರಿಟ್ಟ. ಜನರ ಬಾಯಲ್ಲಿ ಹೈದರ್ ಉದುರಿ ನಗರ ಉಳಿಯಿತು. ಆಮೇಲೆ ತಾಲ್ಲೂಕು ಕೇಂದ್ರ ಕಲ್ಲೂರುಕಟ್ಟೆಗೆ ಹೋದಾಗ ಆ ಊರು ಹೊಸನಗರವಾಯಿತು. ಒಂದು ತಾಲ್ಲೂಕಿನ ಹೆಸರಿನಲ್ಲಿ ಇಷ್ಟು ಇತಿಹಾಸ ಅಡಗಿದೆ, ಯಾರ ಹೆಸರನ್ನು ಅಳಿಸಬೇಕು ಅಂತ ಹೊರಡುವವರು ಮೊದಲು ಇದನ್ನು ಓದಬೇಕು.

ಕೊಡಚಾದ್ರಿಗೆ ಹೋಗುವ ಜೀಪುಗಳು, ಬೈಕುಗಳು ನಗರದ ಕೋಟೆಯ ಮುಂದೆಯೇ ಹಾದುಹೋಗುತ್ತವೆ. ಸರ್ವಜ್ಞ ಪೀಠದಲ್ಲಿ ಫೋಟೋ, ಚಿತ್ರಮೂಲ ಗುಹೆಯಲ್ಲಿ ರೀಲ್ಸ್, ಸಂಜೆ ವಾಪಸ್. ತಪ್ಪೇನಿಲ್ಲ, ನಾನೂ ಮಾಡಿದ್ದೇನೆ. ಆದರೆ ಕೋಟೆಗೆ ಹತ್ತುವವರು ಕಮ್ಮಿ. ಕಂದಕ, ಹೆಬ್ಬಾಗಿಲು, ದರ್ಬಾರಿನ ಜಗಲಿ, ಅಕ್ಕ ತಂಗಿ ಕೊಳ. ಹುಲ್ಲು ಬೆಳೆದ ಜಗಲಿಯ ಮೇಲೆ ಕೂತು ನಾನು 1689ರ ಲೆಕ್ಕ ಹಾಕಿದೆ.

ಆ ವರ್ಷ ಔರಂಗಜೇಬ ಶಿವಾಜಿಯ ಮಗ ಸಂಭಾಜಿಯನ್ನು ಹಿಡಿದು ಕೊಲ್ಲಿಸಿದ್ದ. ತಮ್ಮ ರಾಜಾರಾಮ ವೇಷ ಮರೆಸಿಕೊಂಡು ದಕ್ಷಿಣದ ಜಿಂಜಿ ಕೋಟೆಗೆ ಓಡುತ್ತಿದ್ದ. ಹಿಂದೆ ಮೊಘಲರು. ದಾರಿಯಲ್ಲಿ ಸಿಕ್ಕ ರಾಜ್ಯ ಕೆಳದಿ. ಅವನಿಗೆ ಜಾಗ ಕೊಟ್ಟರೆ ದೇಶದ ಅತಿ ದೊಡ್ಡ ಸೇನೆಯನ್ನು ಮೈಮೇಲೆ ಎಳೆದುಕೊಂಡ ಹಾಗೆ. ಬಿಜಾಪುರ, ಗೋಲ್ಕೊಂಡದಂಥ ರಾಜ್ಯಗಳೇ ಅದಕ್ಕೆ ಎರಡು ಮೂರು ವರ್ಷ ಹಿಂದೆ ಔರಂಗಜೇಬನ ಪಾಲಾಗಿದ್ದವು. ಆಸ್ಥಾನದಲ್ಲಿ ಬೇಡ ಅಂದವರು ಇದ್ದೇ ಇರುತ್ತಾರೆ. ಚೆನ್ನಮ್ಮ ಜಾಗ ಕೊಟ್ಟಳು, ಮುಂದಿನ ದಾರಿಗೆ ಕಾವಲೂ ಕೊಟ್ಟಳು. ರಾಜಾರಾಮ ಜಿಂಜಿ ತಲುಪಿದ. ಇತ್ತ ಜಾನ್ ನಿಸಾರ್ ಖಾನ್‌ನ ನೇತೃತ್ವದಲ್ಲಿ ಮೊಘಲ್ ಸೇನೆ ಬಂತು. ಮಲೆನಾಡಿನ ಕಾಡಿನಲ್ಲಿ ಕಾಳಗವಾಯಿತು, ಕೊನೆಗೆ ಒಪ್ಪಂದವಾಯಿತು. ರಾಜ್ಯ ಉಳಿಯಿತು. ಪೋಸ್ಟರಿನಲ್ಲಿ ಒಪ್ಪಂದ ಇರುವುದಿಲ್ಲ, ಬರೀ ಸೋಲು ಗೆಲುವು ಇರುತ್ತದೆ. ಆದರೆ ಔರಂಗಜೇಬನ ಎದುರು ನಿಂತು, ಆಮೇಲೂ ರಾಜ್ಯ ಉಳಿಸಿಕೊಂಡು, ಮಾತುಕತೆಗೆ ಕೂರುವಂತೆ ಮಾಡಿದ್ದು ಸಣ್ಣ ಸಾಧನೆಯಲ್ಲ.

ಇದನ್ನು ಧರ್ಮಯುದ್ಧ ಅಂತ ಓದುವವರಿಗೆ ಮೂರು ಸಂಗತಿ ತೊಡಕಾಗುತ್ತವೆ. ಒಂದು, 1665ರಲ್ಲಿ ಇದೇ ರಾಜ್ಯದ ಬಂದರು ಬಸ್ರೂರನ್ನು ಹಡಗುಗಳಲ್ಲಿ ಬಂದು ಲೂಟಿ ಮಾಡಿದವರು ಶಿವಾಜಿಯ ಕಡೆಯವರು. ತನ್ನ ಗಂಡನ ಕಾಲದಲ್ಲಿ ಬಂದರು ದೋಚಿದವನ ಮಗನಿಗೆ ಚೆನ್ನಮ್ಮ ಬಾಗಿಲು ತೆರೆದಳು. ಎರಡು, ಅವಳು ವರ್ಷಗಟ್ಟಲೆ ಕಾದಾಡಬೇಕಾಗಿ ಬಂದ ಇನ್ನೊಬ್ಬ ಎದುರಾಳಿ ಮೈಸೂರಿನ ಚಿಕ್ಕದೇವರಾಜ ಒಡೆಯರ್. ಮೂರು, 1678ರಲ್ಲಿ ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡು ಅಕ್ಕಿ, ಮೆಣಸಿನ ವ್ಯಾಪಾರಕ್ಕೆ ಅನುಮತಿ ಕೊಟ್ಟವಳು, ಮಿರ್ಜಾನ್, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಚರ್ಚು ಕಟ್ಟಲು ಬಿಟ್ಟವಳು ಅವಳೇ. ಗೋವೆಯ ಪೋರ್ಚುಗೀಸರ ಊಟ ಕರಾವಳಿಯ ಅಕ್ಕಿಯ ಮೇಲೆ ನಿಂತಿತ್ತು ಅನ್ನುವುದು ವ್ಯಾಪಾರಿಯ ಮಗಳಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕಿ ಕೊಡುವವಳ ಕೈ ಮೇಲೆ ಅಲ್ವಾ?

ಅವಳು ಜಾತ್ಯತೀತ ರಾಜಕಾರಣಿ ಅಂತ ನಾನು ಹೇಳುತ್ತಿಲ್ಲ. ಅದು ಇನ್ನೊಂದು ಪೋಸ್ಟರ್ ಆಗುತ್ತದೆ. ಅವಳು ಲಿಂಗವಂತ ಧರ್ಮದಲ್ಲಿ ನಿಷ್ಠೆ ಇದ್ದವಳು, ಮಠಗಳಿಗೆ ಕೊಟ್ಟವಳು. ಆದರೆ ಬಾಗಿಲಿಗೆ ಬಂದವನು ಯಾರು, ಅವನಪ್ಪ ಏನು ಮಾಡಿದ ಅನ್ನುವುದಕ್ಕಿಂತ ಅವನು ಜೀವ ಉಳಿಸಿಕೊಳ್ಳಲು ಬಂದಿದ್ದಾನೆ ಅನ್ನುವುದನ್ನು ಮೊದಲು ನೋಡಿದಳು.

ಯಾರ ಭತ್ತ, ಯಾರ ಖಜಾನೆ

ಇನ್ನೊಂದು ಮಾತು ಹೇಳದೆ ಹೋದರೆ ನಾನೂ ಭಜನೆ ಮಾಡಿದ ಹಾಗಾಗುತ್ತದೆ. ಭುವನಗಿರಿಗೆ ಹೊತ್ತು ತಂದ ಖಜಾನೆ ಆಕಾಶದಿಂದ ಬಿದ್ದಿದ್ದಲ್ಲ. ಚೆನ್ನಮ್ಮನಿಗಿಂತ ಮೊದಲು, 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಜಮೀನನ್ನು ಫಲವತ್ತತೆ ನೋಡಿ ಐದು ದರ್ಜೆ ಮಾಡಿ ಕಂದಾಯ ನಿಗದಿ ಮಾಡಿದ್ದ. ಅದೇ ಶಿವಪ್ಪ ನಾಯಕನ ಶಿಸ್ತು. ಬೆಳೆಯ ಮೂರನೇ ಒಂದು ಪಾಲು ಅರಸನಿಗೆ. ಮನಸ್ಸಿಗೆ ಬಂದಷ್ಟು ಕೀಳುತ್ತಿದ್ದ ಕಾಲಕ್ಕೆ ಅದು ಸುಧಾರಣೆಯೇ. ಆದರೂ ಗದ್ದೆಗೆ ಇಳಿದವನ ಹೆಸರು ಯಾವ ಕಾವ್ಯದಲ್ಲೂ ಇಲ್ಲ.

ಆ ಹೆಸರುಗಳು ಕೇಳಿಬರಲು 1951ರವರೆಗೆ ಕಾಯಬೇಕಾಯಿತು. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭತ್ತ ಅಳೆಯುವ ಕೊಳಗದ ಗಾತ್ರಕ್ಕಾಗಿ ಎದ್ದು ನಿಂತರು. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಜೊತೆಯಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಅದಾಗಿ ಹದಿಮೂರು ವರ್ಷಕ್ಕೆ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ರಾಜ್ಯಕ್ಕೆ ಬೆಳಕು ಬಂತು, ಸಾಗರ, ಹೊಸನಗರದ ಊರುಗಳು ನೀರಿಗೆ ಹೋದವು. ಅರವತ್ತು ವರ್ಷ ದಾಟಿದರೂ ಸಾವಿರಾರು ಮುಳುಗಡೆ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿಲ್ಲ. ಅಜ್ಜಿಯ ಅರ್ಜಿಯೂ ಒಂದು ಕಚೇರಿಯ ಕಪಾಟಿನಲ್ಲಿದೆ, ಅಜ್ಜಿ ಇಲ್ಲ. ಈಗ ಅದೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕದ ಅಭಯಾರಣ್ಯದ ನಡುವೆ, 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ.

ಊರು ಬಿಟ್ಟು ಬಂದವನಿಗೆ ಜಾಗ ಕೊಟ್ಟವಳು ಅಂತ ಅಜ್ಜಿ ಯಾಕೆ ಒತ್ತಿ ಹೇಳುತ್ತಿದ್ದರು ಅಂತ ನನಗೆ ನಗರದ ಜಗಲಿ ಮೇಲೆ ಹೊಳೆಯಿತು. ಅವರಿಗೆ ಬೇಕಾಗಿದ್ದು ಔರಂಗಜೇಬನ ಸೋಲಲ್ಲ, ಮುಳುಗಿದ ಊರಿನಿಂದ ಬಂದವರನ್ನು ಕೂರಿಸಿ ಮಾತಾಡಿಸುವ ಒಂದು ಆಡಳಿತ.

ಚೆನ್ನಮ್ಮ 1697ರ ಸುಮಾರಿಗೆ ತೀರಿಕೊಂಡಳು. ಅವಳ ಹೆಸರಿನಲ್ಲಿ ಸರ್ಕಾರ ಧೈರ್ಯವಂತ ಹೆಣ್ಣುಮಕ್ಕಳಿಗೆ ಶೌರ್ಯ ಪ್ರಶಸ್ತಿ ಕೊಡುತ್ತದೆ. ಒಳ್ಳೆಯದೇ. ಮುಂದಿನ ಸಲ ಕೊಡಚಾದ್ರಿಗೆ ಹೋಗುವಾಗ ನಗರದಲ್ಲಿ ಒಂದು ಗಂಟೆ ಬೈಕ್ ನಿಲ್ಲಿಸಿ ಕೋಟೆ ಹತ್ತಿ. ನಿಮ್ಮ ಗ್ರೂಪಿಗೂ ಆ ಪೋಸ್ಟರ್ ಬಂದರೆ ಕೈಮುಗಿಯುವ ಮೊದಲು ಬಸ್ರೂರಿನ ಬಗ್ಗೆ ಕೇಳಿ, ಚರ್ಚುಗಳ ಬಗ್ಗೆ ಕೇಳಿ, ಇವತ್ತು ಬಾಗಿಲಿಗೆ ಬಂದವರನ್ನು ಏನು ಮಾಡೋಣ ಅಂತಲೂ ಕೇಳಿ. ನಾನು ಕೇಳಿದೆ. ಎರಡು ದಿನ ಗ್ರೂಪಿನಲ್ಲಿ ಯಾರೂ ಮಾತಾಡಲಿಲ್ಲ. ಮೂರನೇ ದಿನ ಪೋಸ್ಟರ್ ಕಳಿಸಿದ್ದ ಚಿಕ್ಕಪ್ಪನೇ ಫೋನ್ ಮಾಡಿ, ಅಜ್ಜಿಯ ಅರ್ಜಿಯ ನಂಬರ್ ಇದೆಯಾ ಅಂತ ವಿಚಾರಿಸಿದರು.