ಹ್ಯಾರಿಯೆಟ್ ಟಬ್‌ಮನ್ನಳ ಪಿಂಚಣಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಷ್ಟ್ರೀಯ ಪತ್ರಾಗಾರದಲ್ಲಿ ಒಂದು ಹಳೆಯ ಪ್ರಮಾಣಪತ್ರವಿದೆ. ಅದು 1898ರ ಸುಮಾರಿಗೆ ಸಿದ್ಧವಾದದ್ದು. ಅದರ ಕೊನೆಯಲ್ಲಿ ಸಹಿ ಇರಬೇಕಾದೆಡೆಯಲ್ಲಿ ಗುಣಾಕಾರದ ಚಿಹ್ನೆಯಂತಹ ಒಂದು ಗುರುತು ಮಾತ್ರ ಕಾಣುತ್ತದೆ. ಗುರುತು ಹಾಕಿದಾಕೆಗೆ ಓದುಬರಹ ತಿಳಿದಿರಲಿಲ್ಲ. ಅಂತರ್ಯುದ್ಧದ ಕಾಲದಲ್ಲಿ ತಾನು ಮೂರು ವರ್ಷ ಸೈನ್ಯದ ಆಸ್ಪತ್ರೆಗಳಲ್ಲಿ ದಾದಿಯಾಗಿ, ಅಡುಗೆಯವಳಾಗಿ ದುಡಿದುದಾಗಿಯೂ, ಎಂಟೊಂಬತ್ತು ಮಂದಿ ಬೇಹುಗಾರರ ನಾಯಕಿಯಾಗಿದ್ದುದಾಗಿಯೂ, ಅದಕ್ಕಾಗಿ ಸರ್ಕಾರದಿಂದ ತನಗೆ 1,800 ಡಾಲರು ಸಲ್ಲಬೇಕಾಗಿದೆಯೆಂದೂ ಆಕೆ ಅದರಲ್ಲಿ ಹೇಳಿಕೊಂಡಿದ್ದಾಳೆ. ಯುದ್ಧ ಮುಗಿದು ಆಗ ಮೂವತ್ತು ವರ್ಷಗಳೇ ಕಳೆದುಹೋಗಿದ್ದವು. ಅರ್ಜಿದಾರಳ ವಯಸ್ಸು ಎಪ್ಪತ್ತೈದರ ಆಸುಪಾಸು. ಹೆಸರು ಹ್ಯಾರಿಯೆಟ್ ಟಬ್‌ಮನ್.

ಹ್ಯಾರಿಯೆಟ್ ಹುಟ್ಟಿದ್ದು 1822ರ ಸುಮಾರಿನಲ್ಲಿ, ಮೇರಿಲ್ಯಾಂಡ್ ಸಂಸ್ಥಾನದ ಡಾರ್ಚೆಸ್ಟರ್ ಪ್ರಾಂತದಲ್ಲಿ. ತಂದೆತಾಯಿಗಳಿಬ್ಬರೂ ಗುಲಾಮರಾಗಿದ್ದುದರಿಂದ ಮಗುವೂ ಗುಲಾಮಳಾಗಿಯೇ ಹುಟ್ಟಿತು. ಗುಲಾಮರ ಮಕ್ಕಳ ಜನ್ಮದಿನವನ್ನು ಬರೆದಿಡುವ ಪದ್ಧತಿ ಅಲ್ಲಿರಲಿಲ್ಲ. ಬರೆದಿಡದ ಈ ಸಂಗತಿಗಳೇ ಮುಂದೆ ಆಕೆಯನ್ನು ಬಹಳವಾಗಿ ಕಾಡಿದವು. ತಂದೆತಾಯಿಗಳು ಇಟ್ಟ ಹೆಸರು ಅರಮಿಂಟಾ ರಾಸ್. ಎಳವೆಯಲ್ಲಿಯೇ ಆಕೆಯನ್ನು ಬಾಡಿಗೆ ದುಡಿತಕ್ಕೆ ಅನ್ಯರ ಮನೆಗಳಿಗೆ ಕಳುಹಿಸಲಾಯಿತು. ಹರೆಯದಲ್ಲಿ ಒಂದು ದಿನ ಅಂಗಡಿಯೊಂದರ ಬಾಗಿಲಲ್ಲಿ ಆಕೆ ನಿಂತಿದ್ದಾಗ, ಓಡಿಹೋಗುತ್ತಿದ್ದ ಗುಲಾಮನೊಬ್ಬನ ಮೇಲೆ ಮೇಲ್ವಿಚಾರಕನು ಎಸೆದ ಎರಡು ಪೌಂಡಿನ ತೂಕದ ಕಲ್ಲು ಗುರಿತಪ್ಪಿ ಆಕೆಯ ತಲೆಗೆ ತಗುಲಿತು. ಆ ಪೆಟ್ಟಿನ ಫಲವಾಗಿ ಮಾತನಾಡುತ್ತಿರುವಾಗಲೇ ಇದ್ದಕ್ಕಿದ್ದಂತೆ ನಿದ್ರೆಗೆ ಜಾರುವ ಬೇನೆ ಸಾಯುವ ತನಕವೂ ಆಕೆಯನ್ನು ಬಿಡಲಿಲ್ಲ.

1844ರಲ್ಲಿ ಜಾನ್ ಟಬ್‌ಮನ್ ಎಂಬಾತನನ್ನು ವರಿಸಿ, ತಾಯಿಯ ಹೆಸರನ್ನು ತಾನು ತಳೆದು, ಆಕೆ ಹ್ಯಾರಿಯೆಟ್ ಟಬ್‌ಮನ್ ಆದಳು. 1849ರಲ್ಲಿ ಒಬ್ಬಳೇ ತಪ್ಪಿಸಿಕೊಂಡು ಫಿಲಡೆಲ್ಫಿಯಾ ನಗರವನ್ನು ಸೇರಿದಳು. ಅನ್ಯರಾಗಿದ್ದರೆ ಅಲ್ಲಿಯೇ ನೆಮ್ಮದಿಯಾಗಿ ಉಳಿಯುತ್ತಿದ್ದರು. ಹ್ಯಾರಿಯೆಟ್ಟಳಾದರೋ ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು ಹದಿಮೂರು ಸಲ ಮೇರಿಲ್ಯಾಂಡಿಗೆ ಗುಟ್ಟಾಗಿ ಹಿಂತಿರುಗಿ, ತನ್ನ ಬಂಧುಗಳನ್ನೂ ಇತರರನ್ನೂ ಸೇರಿಸಿ ಸುಮಾರು ಎಪ್ಪತ್ತು ಮಂದಿಯನ್ನು ಬಿಡಿಸಿ ತಂದಳು. ಓಡಿಬಂದ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ ಕಾನೂನು 1850ರಲ್ಲಿ ಜಾರಿಗೆ ಬಂದ ಮೇಲೆ, ಅವರನ್ನು ಕೆನಡಾ ದೇಶದವರೆಗೂ ನಡೆಸಿಕೊಂಡು ಹೋದಳು. ಈ ಸಾಹಸಗಳಿಂದಲೇ ಆಕೆ ಜಗತ್ತಿಗೆ ಪರಿಚಿತಳು. ಆಕೆ ಸೈನ್ಯದಲ್ಲಿ ಸಲ್ಲಿಸಿದ ಸೇವೆಯೂ, ಅದರ ಪ್ರತಿಫಲಕ್ಕಾಗಿ ನಡೆಸಿದ ದೀರ್ಘವಾದ ಹೋರಾಟವೂ ಅಷ್ಟಾಗಿ ಜನರಿಗೆ ತಿಳಿಯವು.

1861ರಲ್ಲಿ ಉತ್ತರದ ಒಕ್ಕೂಟಕ್ಕೂ ದಕ್ಷಿಣದ ಸಂಸ್ಥಾನಗಳಿಗೂ ಯುದ್ಧ ಮೊದಲಾಯಿತು. ಮರುವರ್ಷ ಮ್ಯಾಸಚೂಸೆಟ್ಸ್ ಸಂಸ್ಥಾನದ ಗವರ್ನರ್ ಜಾನ್ ಆಂಡ್ರೂ ಅವರ ನೆರವಿನಿಂದ ಹ್ಯಾರಿಯೆಟ್ ದಕ್ಷಿಣ ಕ್ಯಾರೊಲಿನಾದ ಬ್ಯೂಫರ್ಟ್ ಪಟ್ಟಣಕ್ಕೆ ಹೋದಳು. ಒಕ್ಕೂಟದ ಸೈನ್ಯ ಅಲ್ಲಿ ಬೀಡುಬಿಟ್ಟಿತ್ತು. ಒಡೆಯರು ಬಿಟ್ಟೋಡಿದ ಸಾವಿರಾರು ಗುಲಾಮರು ಸೈನ್ಯದ ಆಸರೆಯಲ್ಲಿ ಬಂದು ನಿಂತಿದ್ದರು. ಆಸ್ಪತ್ರೆಗಳಲ್ಲಿ ಆಕೆ ಗಾಯಗಳನ್ನು ತೊಳೆದಳು. ಆಮಶಂಕೆಯಿಂದ ನರಳುವವರಿಗೆ ಗಿಡಮೂಲಿಕೆಗಳ ಕಷಾಯ ಕಾಯಿಸಿ ಕುಡಿಸಿದಳು. ಮೊದಮೊದಲು ಸೈನಿಕರಂತೆ ಆಕೆಗೂ ಪಡಿ ದೊರೆಯುತ್ತಿತ್ತು. ಇವಳಿಗೇಕೆ ಈ ವಿಶೇಷವೆಂದು ನಿರಾಶ್ರಿತರಲ್ಲಿ ಗೊಣಗಾಟ ಕೇಳಿಬಂದಾಗ ಆಕೆ ಪಡಿಯನ್ನೇ ಬಿಟ್ಟುಕೊಟ್ಟಳು. ಹಗಲೆಲ್ಲ ರೋಗಿಗಳ ಸೇವೆ ಮಾಡಿ, ರಾತ್ರಿ ಕುಳಿತು ಸಿಹಿ ರೊಟ್ಟಿಗಳನ್ನು ಬೇಯಿಸಿ, ಬೇರುಗಳ ಪಾನೀಯವನ್ನು ಕಾಸಿ, ಮಾರಿಸಿ, ಹೊಟ್ಟೆ ಹೊರೆದುಕೊಂಡಳು. ಯುದ್ಧದ ವರ್ಷಗಳಲ್ಲೆಲ್ಲ ಸರ್ಕಾರದಿಂದ ಆಕೆಯ ಕೈಸೇರಿದ್ದು 200 ಡಾಲರು ಮಾತ್ರ. ಅದನ್ನೂ ಆಕೆ ಇಟ್ಟುಕೊಳ್ಳಲಿಲ್ಲ. ಬಿಡುಗಡೆ ಹೊಂದಿದ ಹೆಂಗಸರು ಸೈನಿಕರ ಬಟ್ಟೆ ಒಗೆದು ಸಂಪಾದಿಸಿಕೊಳ್ಳಲೆಂದು ಅದರಿಂದ ಒಂದು ಒಗೆತದ ಮನೆಯನ್ನು ಕಟ್ಟಿಸಿದಳು.

ಆಸ್ಪತ್ರೆಯ ಕೆಲಸಕ್ಕಿಂತಲೂ ಗಹನವಾದ ಕೆಲಸವನ್ನು ಸೇನಾಧಿಕಾರಿಗಳು ಆಕೆಗೆ ಒಪ್ಪಿಸಿದರು. ಶತ್ರುಗಳ ನೆಲದಲ್ಲಿ ಕಂಡುಕೇಳಿದ್ದನ್ನು ತಿಳಿಸಬಲ್ಲವರು ಅಲ್ಲಿನ ಗುಲಾಮರೇ. ಅವರ ನಂಬಿಕೆಯನ್ನು ಗಳಿಸಲು ಹ್ಯಾರಿಯೆಟ್ಟಳಂಥವರೇ ಬೇಕು. ಆ ಸೀಮೆಯ ನೀರು ನೆಲಗಳನ್ನು ಬಲ್ಲ ಕೆಲವರನ್ನು ಆರಿಸಿಕೊಂಡು ಆಕೆ ಬೇಹುಗಾರರ ತಂಡವೊಂದನ್ನು ಕಟ್ಟಿದಳು. ಕೊಂಬಾಹೀ ನದಿಯ ದಡಗಳಲ್ಲಿ ದೊಡ್ಡ ದೊಡ್ಡ ಭತ್ತದ ತೋಟಗಳಿದ್ದವು. ನದಿಯಲ್ಲಿ ಶತ್ರುಗಳು ಸಿಡಿಮದ್ದುಗಳನ್ನು ಹುದುಗಿಸಿದ್ದ ಎಡೆಗಳನ್ನು ಈ ತಂಡ ಗುರುತು ಹಿಡಿಯಿತು. 1863ರ ಜೂನ್ 1ರ ರಾತ್ರಿ ಕರ್ನಲ್ ಜೇಮ್ಸ್ ಮಾಂಟ್ಗೊಮರಿಯ ನೇತೃತ್ವದಲ್ಲಿ ಸುಮಾರು 300 ಮಂದಿ ಕಪ್ಪು ಸೈನಿಕರು ಮೂರು ಹಡಗುಗಳಲ್ಲಿ ಹೊರಟರು. ಒಂದು ಹಡಗು ದಾರಿಯಲ್ಲಿ ಮರಳಿಗೆ ಸಿಕ್ಕಿ ನಿಂತಿತು. ಉಳಿದೆರಡು ಹ್ಯಾರಿಯೆಟ್ಟಳ ಮಾರ್ಗದರ್ಶನದಲ್ಲಿ ನದಿಯನ್ನೇರಿ ಹೋದವು. ಬೆಳಗಾಗುವ ವೇಳೆಗೆ ಹಡಗಿನ ಸಿಳ್ಳು ಕೇಳಿದ್ದೇ ತಡ, ಗದ್ದೆಗಳಿಂದ, ಗುಡಿಸಲುಗಳಿಂದ ಜನ ದಡಕ್ಕೆ ಓಡಿಬಂದರು. ಹೆಂಗಸೊಬ್ಬಳು ಒಲೆಯ ಮೇಲಿದ್ದ ಅನ್ನದ ಗಡಿಗೆಯನ್ನು ಹಾಗೆಯೇ ತಲೆಯ ಮೇಲಿಟ್ಟುಕೊಂಡು ಬಂದಿದ್ದಳೆಂದೂ, ಅದರಿಂದ ಇನ್ನೂ ಹಬೆಯಾಡುತ್ತಿತ್ತೆಂದೂ ಹ್ಯಾರಿಯೆಟ್ ಮುಂದೆ ನೆನೆದು ನಗುತ್ತಿದ್ದಳು. ಆ ಒಂದು ದಿನ 700ಕ್ಕೂ ಹೆಚ್ಚು ಮಂದಿ ಬಿಡುಗಡೆ ಹೊಂದಿದರು. ಅವರಲ್ಲಿ ನೂರಕ್ಕೂ ಮಿಕ್ಕಿದ ಗಂಡಸರು ಕೂಡಲೇ ಸೈನ್ಯವನ್ನು ಸೇರಿದರು. ಸೈನ್ಯಕ್ಕೆ ಸೇರಿದ ಆ ಪ್ರತಿಯೊಬ್ಬನ ಹೆಸರೂ ಪಟ್ಟಿಗೆ ಏರಿತು. ಅವರಿಗೆ ದಾರಿ ತೋರಿಸಿದವಳ ಹೆಸರು ಯಾವ ಪಟ್ಟಿಗೂ ಏರಲಿಲ್ಲ.

1865ರಲ್ಲಿ ಯುದ್ಧ ಮುಗಿಯಿತು. ವರ್ಜೀನಿಯಾದ ಆಸ್ಪತ್ರೆಯೊಂದರಲ್ಲಿ ಕೆಲವು ಕಾಲ ದುಡಿದು, ಸೈನ್ಯದ ಸೇವಕರಿಗೆ ಸಲ್ಲುವ ರಿಯಾಯಿತಿ ರಹದಾರಿಯನ್ನು ಹಿಡಿದು, ಹ್ಯಾರಿಯೆಟ್ ರೈಲಿನಲ್ಲಿ ಊರಿಗೆ ಹೊರಟಳು. ಕಪ್ಪು ಹೆಂಗಸಿನ ಕೈಯಲ್ಲಿದ್ದ ಆ ಕಾಗದವನ್ನು ನಿರ್ವಾಹಕನು ಮನ್ನಿಸಲಿಲ್ಲ. ಎದ್ದು ಬೇರೆ ಗಾಡಿಗೆ ಹೋಗೆಂದು ಗದರಿಸಿದನು. ಆಕೆ ಒಪ್ಪದಿರಲು, ಇನ್ನೂ ಕೆಲವರನ್ನು ಕರೆದು, ಆಕೆಯನ್ನು ಬಲವಂತವಾಗಿ ಎಳೆದೊಯ್ದು ಬೇರೆ ಗಾಡಿಗೆ ತಳ್ಳಿದನು. ತೋಳಿಗೆ ಬಲವಾದ ಪೆಟ್ಟಾಯಿತು. ಮೂರು ವರ್ಷ ಯುದ್ಧಭೂಮಿಯಲ್ಲಿದ್ದು ಗಾಯಗೊಳ್ಳದೆ ಬಂದವಳು ಮನೆಯ ಹಾದಿಯಲ್ಲಿ ಗಾಯಗೊಂಡಳು.

ನ್ಯೂಯಾರ್ಕ್ ಸಂಸ್ಥಾನದ ಆಬರ್ನ್ ಎಂಬ ಊರಿನಲ್ಲಿ ಆಕೆಗೊಂದು ಮನೆಯಿತ್ತು. ಅದನ್ನು 1859ರಲ್ಲಿ ವಿಲಿಯಂ ಸೀವರ್ಡ್ ಎಂಬ ರಾಜಕಾರಣಿ ಆಕೆಗೆ ಸುಲಭವಾದ ಕಂತುಗಳ ಮೇಲೆ ಮಾರಿದ್ದರು. ಮುದಿ ತಂದೆತಾಯಿಗಳು, ಒಡಹುಟ್ಟಿದವರು, ದಿಕ್ಕಿಲ್ಲದೆ ಬಂದವರು ಎಲ್ಲರಿಗೂ ಆ ಮನೆಯೇ ಆಶ್ರಯ. ಸಂಪಾದನೆ ಮಾತ್ರ ಅತ್ಯಲ್ಪ. ಸೈನ್ಯದಿಂದ ಬರಬೇಕಾದ ಬಾಕಿಯನ್ನು ಕೇಳಬೇಕೆಂದು ಹಿತೈಷಿಗಳು ಸಲಹೆಯಿತ್ತರು. ತೊಡಕು ಎದುರಾದದ್ದು ಇಲ್ಲಿಯೇ. ಸರ್ಕಾರದ ಖಜಾನೆ ಹಣ ಕೊಡುವುದು ದಾಖಲೆಗೆ; ಕೆಲಸಕ್ಕಲ್ಲ. ಸೈನಿಕನ ಹೆಸರು ದಳದ ಪಟ್ಟಿಯಲ್ಲಿರುತ್ತದೆ. ಸೇರಿದ ದಿನ, ಬಿಡುಗಡೆಯಾದ ದಿನ, ಪಡೆದ ಸಂಬಳ ಎಲ್ಲವೂ ಅಲ್ಲಿ ನಮೂದಾಗಿರುತ್ತವೆ. ಹೆಂಗಸರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವ ಪದ್ಧತಿಯೇ ಇರಲಿಲ್ಲ. ಬೇಹುಗಾರಿಕೆಗಂತೂ ನೇಮಕದ ಆಜ್ಞೆಯೆಂಬುದು ಇರುವುದುಂಟೆ? ಬೇಹುಗಾರಳು ತನ್ನ ಗುರುತಿನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರೆ ಅವಳ ಕೆಲಸ ಕೆಟ್ಟಂತೆಯೇ.

ಆಕೆಯ ಬಳಿ ಇದ್ದವು ಕೆಲವು ಹಳೆಯ ಕಾಗದಗಳು: 1863ರಲ್ಲಿ ಜನರಲ್ ಹಂಟರ್ ನೀಡಿದ್ದ ರಹದಾರಿ, ಅಧಿಕಾರಿಗಳು ಆಕೆಯನ್ನು ಮೆಚ್ಚಿ ಬರೆದಿದ್ದ ಪತ್ರಗಳು. ಆಬರ್ನಿನ ಬ್ಯಾಂಕಿನಲ್ಲಿದ್ದ ಚಾರ್ಲ್ಸ್ ವುಡ್ ಎಂಬ ಗೃಹಸ್ಥರು 1868ರಲ್ಲಿ ಇವನ್ನೆಲ್ಲ ಒಟ್ಟುಗೂಡಿಸಿ, ಆಕೆಯ ಮಾತುಗಳನ್ನು ಕೇಳಿ ಬರೆದುಕೊಂಡು, ಒಂದು ಲೆಕ್ಕಪತ್ರವನ್ನು ಸಿದ್ಧಪಡಿಸಿದರು. 1862ರ ಮೇ ತಿಂಗಳಿನಿಂದ 1865ರ ಜನವರಿಯವರೆಗೆ, ತಿಂಗಳಿಗೆ 30 ಡಾಲರಿನಂತೆ, 966 ಡಾಲರು ಸಂಬಳವಾಗುತ್ತದೆ. ಅದರಲ್ಲಿ ಕೊಟ್ಟಿರುವ 200 ಕಳೆದು ಬಾಕಿ 766. ಬ್ಯಾಂಕಿನವರ ಲೆಕ್ಕ, ಅದರಲ್ಲಿ ಒಂದು ಡಾಲರಿನ ಉತ್ಪ್ರೇಕ್ಷೆಯೂ ಇರಲಿಲ್ಲ. ಸೀವರ್ಡರು ಆಗ ವಿದೇಶಾಂಗ ಮಂತ್ರಿಗಳಾಗಿದ್ದರು. ಅವರೂ ಆಕೆಯ ಪರವಾಗಿ ನಿಂತಿದ್ದರು. ಆದರೂ ಹಣ ಬರಲಿಲ್ಲ. ಸಾರಾ ಬ್ರಾಡ್ಫರ್ಡ್ ಎಂಬ ಲೇಖಕಿ ಆಕೆಯ ಜೀವನಕಥೆಯನ್ನು ಬರೆದು ಅಚ್ಚುಹಾಕಿಸಿ, ಬಂದ ಹಣವನ್ನು ಆಕೆಗೇ ಕೊಡಿಸಿದ್ದರಿಂದ ಮನೆ ಉಳಿಯಿತು. 1874ರಲ್ಲಿ ಆಕೆಗೆ 2,000 ಡಾಲರು ಕೊಡಬೇಕೆಂಬ ಮಸೂದೆಯೊಂದು ಅಮೆರಿಕದ ಶಾಸನಸಭೆಯಾದ ಕಾಂಗ್ರೆಸ್ಸಿನ ಮುಂದೆ ಬಂದು, ಮೇಲ್ಮನೆಯಾದ ಸೆನೆಟ್ಟಿನಲ್ಲಿ ಬಿದ್ದುಹೋಯಿತು.

ಈ ನಡುವೆ 1869ರಲ್ಲಿ ಹ್ಯಾರಿಯೆಟ್ ನೆಲ್ಸನ್ ಡೇವಿಸ್ ಎಂಬುವನನ್ನು ಮದುವೆಯಾಗಿದ್ದಳು. ಆತ ಕಪ್ಪು ಸೈನಿಕರ ಎಂಟನೆಯ ಪದಾತಿದಳದಲ್ಲಿ ಸೇವೆ ಸಲ್ಲಿಸಿದವನು. ಆಬರ್ನಿನಲ್ಲಿ ಇಟ್ಟಿಗೆಯ ಕೆಲಸ ಮಾಡುತ್ತಿದ್ದ. ಕ್ಷಯರೋಗಕ್ಕೆ ತುತ್ತಾಗಿ 1888ರಲ್ಲಿ ತೀರಿಕೊಂಡ. 1890ರ ಜೂನಿನಲ್ಲಿ ಹೊಸ ಕಾನೂನೊಂದು ಬಂದಿತು. ಯುದ್ಧದಲ್ಲಿ ತೊಂಬತ್ತು ದಿನಗಳಾದರೂ ಸೇವೆ ಸಲ್ಲಿಸಿ ಗೌರವದಿಂದ ಬಿಡುಗಡೆ ಹೊಂದಿದ ಸೈನಿಕನ ವಿಧವೆ, ದುಡಿಮೆಯೊಂದರಿಂದಲೇ ಬದುಕುವವಳಾದರೆ, ಆಕೆಗೆ ತಿಂಗಳಿಗೆ 8 ಡಾಲರು ಪಿಂಚಣಿ. ತಾನೇ ಬೇಹುಗಾರಳಾಗಿ ದುಡಿದವಳಿಗೆ ಇಲ್ಲದ ಹಾದಿ, ಸೈನಿಕನ ಹೆಂಡತಿಯಾಗಿದ್ದುದರಿಂದ ತೆರೆಯಿತು. ಮರುತಿಂಗಳೇ ಆಕೆ ಅರ್ಜಿ ಹಾಕಿದಳು.

ಪಿಂಚಣಿ ಕಚೇರಿಯಿಂದ ಪ್ರಶ್ನೆಗಳು ಬಂದವು. ಸೈನ್ಯದ ಪಟ್ಟಿಯಲ್ಲಿ ನೆಲ್ಸನ್ ಡೇವಿಸ್ ಎಂಬ ಹೆಸರಿಲ್ಲ. ನೆಲ್ಸನ್ ಚಾರ್ಲ್ಸ್ ಎಂದಿದೆ. ಇಬ್ಬರೂ ಒಬ್ಬನೇ ಎಂಬುದಕ್ಕೆ ಸಾಕ್ಷ್ಯವೇನು? ಚಾರ್ಲ್ಸ್ ಎಂಬುದು ಆತನನ್ನು ಗುಲಾಮನಾಗಿಟ್ಟುಕೊಂಡಿದ್ದ ಒಡೆಯನ ಹೆಸರು. ಸ್ವತಂತ್ರನಾದ ಮೇಲೆ ಆತ ತನ್ನ ತಂದೆಯ ಹೆಸರಾದ ಡೇವಿಸ್ ಎಂಬುದನ್ನು ಇಟ್ಟುಕೊಂಡಿದ್ದ. ಇದು ಸಾವಿರಾರು ಕಪ್ಪು ಸೈನಿಕರ ಕಥೆ. ಹುಟ್ಟಿದ ದಿನಕ್ಕೆ ದಾಖಲೆಯಿಲ್ಲ, ಮದುವೆಗೆ ಪತ್ರವಿಲ್ಲ, ಹೆಸರಂತೂ ಎರಡೆರಡು. ಹೀಗಾಗಿ ನ್ಯಾಯವಾಗಿ ಸಲ್ಲಬೇಕಾದ ಪಿಂಚಣಿ ಅನೇಕ ವಿಧವೆಯರಿಗೆ ಕೊನೆಗೂ ಸಲ್ಲಲಿಲ್ಲ. ಹ್ಯಾರಿಯೆಟ್ಟಳಿಗೆ ಇನ್ನೊಂದು ಪ್ರಶ್ನೆಯೂ ಎದುರಾಯಿತು: ಮೊದಲ ಗಂಡ ಜಾನ್ ಟಬ್‌ಮನ್ ಎರಡನೆಯ ಮದುವೆಗೆ ಮುಂಚೆಯೇ ಸತ್ತಿದ್ದನೆ? ಆತ 1867ರಲ್ಲಿ ಕೊಲೆಯಾಗಿದ್ದ. ಅದನ್ನು ಬಲ್ಲವರನ್ನು ಹುಡುಕಿ ಹೇಳಿಕೆ ಬರೆಸಬೇಕಾಯಿತು. ನೆಲ್ಸನ್ನನ ಜೊತೆಯಲ್ಲಿ ಯುದ್ಧ ಮಾಡಿದವರು, ಊರಿನ ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು ಪ್ರಮಾಣ ಮಾಡಿ ಸಾಕ್ಷ್ಯ ನುಡಿದರು. ಅಕ್ಷರ ಬಲ್ಲವರು ಬರೆದುಕೊಟ್ಟರು. ಆಕೆ ಗುರುತು ಹಾಕಿದಳು. ಐದು ವರ್ಷಗಳ ಬಳಿಕ, 1895ರ ಅಕ್ಟೋಬರಿನಲ್ಲಿ, ತಿಂಗಳಿಗೆ 8 ಡಾಲರಿನ ಪಿಂಚಣಿ ಮಂಜೂರಾಯಿತು. ಹಿಂದಿನ ಬಾಕಿ ಸುಮಾರು 500 ಡಾಲರು ಒಮ್ಮೆಗೇ ಬಂದಿತು.

ಇಷ್ಟಾದರೂ ಇದು ನೆಲ್ಸನ್ನನ ಸೇವೆಗೆ ಸಂದ ಹಣ, ಆಕೆಯ ಸೇವೆಗಲ್ಲ. ಆಬರ್ನ್ ಸೀಮೆಯ ಪ್ರತಿನಿಧಿ ಸೆರೀನೊ ಪೇನ್ ಎಂಬುವರು ಆಕೆಗೆ ತಿಂಗಳಿಗೆ 25 ಡಾಲರು ಕೊಡಬೇಕೆಂದು ಕಾಂಗ್ರೆಸ್ಸಿನಲ್ಲಿ ಮಸೂದೆ ತಂದರು. ಈ ಪಾಠದ ಮೊದಲಿನಲ್ಲಿ ಹೇಳಿದ ಪ್ರಮಾಣಪತ್ರ ಈ ಸಂದರ್ಭದ್ದೇ. ವುಡ್ ಅವರು ಮೂವತ್ತು ವರ್ಷಗಳ ಹಿಂದೆ ಜೋಡಿಸಿಟ್ಟಿದ್ದ ಕಾಗದಗಳು ಮತ್ತೆ ಹೊರಬಂದವು. ಸೈನ್ಯದ ದಾದಿಯರಿಗೆ ತಿಂಗಳಿಗೆ 12 ಡಾಲರು ಕೊಡುವ ಕಾನೂನು 1892ರಲ್ಲಿಯೇ ಆಗಿತ್ತು. ವಿಧವೆಯ 8, ದಾದಿಯ 12 ಸೇರಿ 20 ಡಾಲರಾದರೆ ಸಾಕೆಂದು ಸೆನೆಟ್ಟಿನ ಸಮಿತಿಯವರು ತೀರ್ಮಾನಿಸಿದರು. 1899ರ ಫೆಬ್ರವರಿಯಲ್ಲಿ ಅಧ್ಯಕ್ಷ ಮೆಕಿನ್ಲೆ ಅದಕ್ಕೆ ಸಹಿ ಮಾಡಿದರು. ಶಾಸನದ ಒಕ್ಕಣೆಯಲ್ಲಿ ಆಕೆ ನೆಲ್ಸನ್ ಡೇವಿಸನ ವಿಧವೆಯಾಗಿಯೇ ಉಳಿದಳು. ಬೇಹುಗಾರರ ನಾಯಕಿಗೆಂದು ಒಂದು ಡಾಲರೂ ಎಂದಿಗೂ ಮಂಜೂರಾಗಲಿಲ್ಲ.

ಬಂದ ಹಣ ಆಕೆಯ ಕೈಯಲ್ಲಿ ನಿಲ್ಲುತ್ತಿರಲಿಲ್ಲ. 1896ರಲ್ಲಿ ಪಕ್ಕದ 25 ಎಕರೆ ಜಮೀನು ಹರಾಜಿಗೆ ಬಂದಾಗ, ಪೂರ್ತಿ ಹಣವಿಲ್ಲದಿದ್ದರೂ ಹ್ಯಾರಿಯೆಟ್ ಧೈರ್ಯವಾಗಿ ಸವಾಲು ಕೂಗಿ ಅದನ್ನು ಹಿಡಿದಳು. ಮುದುಕರಿಗೂ ನಿರ್ಗತಿಕರಿಗೂ ಅಲ್ಲೊಂದು ಆಶ್ರಯ ಮಾಡಬೇಕೆಂಬುದು ಆಕೆಯ ಬಯಕೆ. ನಡೆಸುವ ಶಕ್ತಿ ಸಾಲದೆ 1903ರಲ್ಲಿ ಆ ಆಸ್ತಿಯನ್ನು ತಾನು ಸೇರಿದ್ದ ಕ್ರೈಸ್ತ ಸಂಘಕ್ಕೆ ಬರೆದುಕೊಟ್ಟಳು. 1908ರಲ್ಲಿ ಆಶ್ರಯಧಾಮ ತೆರೆಯಿತು. ಒಳಗೆ ಸೇರುವವರು 100 ಡಾಲರು ಕಟ್ಟಬೇಕೆಂಬ ನಿಯಮವನ್ನು ಸಂಘದವರು ಮಾಡಿದಾಗ ಆಕೆಗೆ ಬಹಳ ಬೇಸರವಾಯಿತು. ಕೈಯಲ್ಲಿ ಕಾಸಿಲ್ಲದವರನ್ನು ಮಾತ್ರ ಸೇರಿಸಿಕೊಳ್ಳಬೇಕೆಂಬುದು ಆಕೆಯ ನಿಯಮವಾಗಿತ್ತು. 1911ರಲ್ಲಿ ಕೃಶಳಾಗಿ ತಾನೂ ಅಲ್ಲಿಯೇ ಸೇರಿದಳು. 1913ರ ಮಾರ್ಚ್ 10ರಂದು ಅಲ್ಲಿಯೇ ಕಣ್ಣುಮುಚ್ಚಿದಳು. ಆಬರ್ನಿನ ಫೋರ್ಟ್ ಹಿಲ್ ಸ್ಮಶಾನದಲ್ಲಿ ಸೈನಿಕ ಮರ್ಯಾದೆಗಳೊಡನೆ ಆಕೆಯ ಅಂತ್ಯಕ್ರಿಯೆ ನಡೆಯಿತು.

2003ರಲ್ಲಿ ಅಮೆರಿಕದ ಕಾಂಗ್ರೆಸ್ಸು, ಹ್ಯಾರಿಯೆಟ್ಟಳಿಗೆ ಬದುಕಿದ್ದಾಗ ಕಡಿಮೆ ಸಂದ ಪಿಂಚಣಿಯ ಲೆಕ್ಕಕ್ಕೆಂದು 11,750 ಡಾಲರನ್ನು ಮಂಜೂರು ಮಾಡಿತು. ಈ ಬಾಕಿಯ ವಿಷಯವನ್ನು ಸೆನೆಟ್ಟಿನ ಸದಸ್ಯೆಯೊಬ್ಬರ ಗಮನಕ್ಕೆ ತಂದವರು ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿ ನಗರದ ಶಾಲೆಯೊಂದರ ಮಕ್ಕಳು. ಹಣ ಪಡೆಯಬೇಕಾದವಳು ತೀರಿಕೊಂಡು ಆಗ ತೊಂಬತ್ತು ವರ್ಷಗಳಾಗಿದ್ದವು. ಆದ್ದರಿಂದ ಅದನ್ನು ಆಬರ್ನಿನಲ್ಲಿರುವ ಆಕೆಯ ಮನೆಯ ರಕ್ಷಣೆಗೆ ಕೊಡಲಾಯಿತು.