ಇನ್ನೊಬ್ಬ ಕುಡುಕನನ್ನು ಅರಸಿದವನು

೧೯೩೫ನೆಯ ಇಸವಿಯ ಮೇ ತಿಂಗಳು. ಅಮೆರಿಕದ ಓಹಾಯೋ ಸಂಸ್ಥಾನದ ಆಕ್ರನ್ ಪಟ್ಟಣದಲ್ಲಿ, ಮೇಫ್ಲವರ್ ಎಂಬ ಹೋಟೆಲಿನ ಹಜಾರದಲ್ಲಿ, ನಡುವಯಸ್ಸಿನ ವ್ಯಕ್ತಿಯೊಬ್ಬ ಶತಪಥ ತಿರುಗುತ್ತಿದ್ದ. ನ್ಯೂಯಾರ್ಕಿನಿಂದ ಆತ ಕೈಗೊಂಡು ಬಂದಿದ್ದ ವ್ಯವಹಾರ ಮುರಿದುಬಿದ್ದಿತ್ತು. ಜೇಬು ಬಹುಮಟ್ಟಿಗೆ ಬರಿದಾಗಿತ್ತು. ಒಂದು ಕಡೆ ಪಾನಗೃಹ. ಅಲ್ಲಿಂದ ಮಾತು, ನಗೆ ತೇಲಿಬರುತ್ತಿದ್ದವು. ಇನ್ನೊಂದು ಕಡೆ ಟೆಲಿಫೋನು. ಬಳಿಯಲ್ಲೇ ಊರಿನ ಚರ್ಚುಗಳ ಪಟ್ಟಿ. ಕುಡಿತ ಬಿಟ್ಟು ಐದೇ ತಿಂಗಳಾಗಿದ್ದ ಆತ ಟೆಲಿಫೋನಿನ ಕಡೆಗೆ ನಡೆದ. ಅವನೇ ಬಿಲ್ ವಿಲ್ಸನ್. ಪಾನವ್ಯಸನಿಗಳ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಬಳಗವನ್ನು ಕಟ್ಟಿದ ಇಬ್ಬರಲ್ಲಿ ಒಬ್ಬ.

ವಿಲ್ಸನ್ ಹುಟ್ಟಿದ್ದು ೧೮೯೫ನೆಯ ನವೆಂಬರ್ ೨೬ರಂದು, ವರ್ಮಾಂಟ್ ಸಂಸ್ಥಾನದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ. ತಂದೆತಾಯಿಗಳು ಬೇರೆಯಾದ ಮೇಲೆ ಹುಡುಗ ತಾಯಿಯ ತವರಿನಲ್ಲಿ ಬೆಳೆದ. ಎಸೆದರೆ ಮರಳಿ ಬರುವ ಬೂಮರಾಂಗನ್ನು ಆಸ್ಟ್ರೇಲಿಯದವರಲ್ಲದೆ ಬೇರಾರೂ ಮಾಡಲಾರರೆಂದು ಒಮ್ಮೆ ಅಜ್ಜ ಹೇಳಿದಾಗ, ತಿಂಗಳುಗಟ್ಟಲೆ ಮರ ಕೆತ್ತಿ ಅದನ್ನು ಮಾಡಿ ತೋರಿಸಿದನಂತೆ. ಎಲ್ಲದರಲ್ಲಿಯೂ ತಾನೇ ಮೊದಲಿಗನಾಗಬೇಕೆಂಬ ಈ ಹಂಬಲ ಅವನನ್ನು ಬಹುಕಾಲ ಬಿಡಲಿಲ್ಲ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಾಧಿಕಾರಿಯಾಗಿದ್ದಾಗ ಮದ್ಯದ ರುಚಿ ಹತ್ತಿತು. ಹುಟ್ಟಿನಿಂದ ಬಂದ ಸಂಕೋಚ ಲೋಟದಲ್ಲಿ ಕರಗಿಹೋಯಿತು. ೧೯೧೮ರಲ್ಲಿ ಲೋಯಿಸ್ ಬರ್ನ್‌ಹ್ಯಾಮಳ ಕೈಹಿಡಿದ. ಮುಂದೆ ಷೇರುಪೇಟೆಯಲ್ಲಿ ಹಣ ಕಂಡ. ೧೯೨೯ರಲ್ಲಿ ಪೇಟೆ ಕುಸಿದಾಗ ಸಂಪತ್ತು ಹೋಯಿತು, ಕುಡಿತ ಉಳಿಯಿತು. ಲೋಯಿಸ್ ಅಂಗಡಿಯಲ್ಲಿ ದುಡಿದು ಸಂಸಾರ ತೂಗಿಸಿದಳು. ಇನ್ನು ಮುಟ್ಟುವುದಿಲ್ಲವೆಂದು ಮನೆಯ ಬೈಬಲಿನಲ್ಲೇ ಅವಳಿಗೆ ಬರೆದುಕೊಟ್ಟ ಪ್ರತಿಜ್ಞೆಗಳು ಒಂದರ ಮೇಲೊಂದು ಮುರಿದವು.

೧೯೩೪ರ ನವೆಂಬರಿನಲ್ಲಿ ಹಳೆಯ ಗೆಳೆಯ ಎಬಿ ಥ್ಯಾಚರ್ ಮನೆಗೆ ಬಂದ. ಜೊತೆಯಲ್ಲಿ ಕುಡಿದು ಕೆಟ್ಟವನು. ಅಂದು ಲೋಟ ಮುಟ್ಟಲಿಲ್ಲ. ಅವನನ್ನು ಎತ್ತಿ ನಿಲ್ಲಿಸಿದ್ದು ಆಕ್ಸ್‌ಫರ್ಡ್ ಗ್ರೂಪ್. ಫ್ರಾಂಕ್ ಬುಕ್ಮನ್ ಎಂಬ ಲೂಥರನ್ ಪಾದ್ರಿ ಹುಟ್ಟುಹಾಕಿದ ಈ ಕ್ರೈಸ್ತ ಬಳಗದಲ್ಲಿ ಜನ ತಮ್ಮ ತಪ್ಪುಗಳನ್ನು ಒಬ್ಬರಿಗೊಬ್ಬರು ನಿವೇದಿಸಿಕೊಳ್ಳುತ್ತಿದ್ದರು. ಅನ್ಯಾಯ ಮಾಡಿದ್ದಲ್ಲಿ ಹೋಗಿ ಸರಿಪಡಿಸುತ್ತಿದ್ದರು. ಮೌನದಲ್ಲಿ ಕುಳಿತು ದೇವರ ಪ್ರೇರಣೆಗೆ ಕಾಯುತ್ತಿದ್ದರು. ವಿಲ್ಸನ್‌ನಿಗೆ ದೇವರಲ್ಲಿ ನಂಬಿಕೆಯಿರಲಿಲ್ಲ. ಆದರೂ ಡಿಸೆಂಬರಿನಲ್ಲಿ ಮತ್ತೊಮ್ಮೆ ಆಸ್ಪತ್ರೆ ಸೇರಿ, ಹತಾಶನಾಗಿ ಮೊರೆಯಿಟ್ಟಾಗ, ಕೋಣೆಯೆಲ್ಲ ಬೆಳಕಾದಂತೆ ಕಂಡಿತು. ಅಲ್ಲಿಂದ ಮುಂದೆ ಮೂವತ್ತಾರು ವರ್ಷ, ಸಾಯುವವರೆಗೆ, ಅವನು ಮದ್ಯ ಮುಟ್ಟಲಿಲ್ಲ.

ಆದರೆ ಬೆಳಕು ಕಂಡವನು ಬೆಳೆದವನಾಗಿರಲಿಲ್ಲ. ಕುಡುಕರನ್ನು ಹುಡುಕಿ ಹುಡುಕಿ ಉಪದೇಶ ಮಾಡಿದ; ಒಬ್ಬನೂ ತಿದ್ದಿಕೊಳ್ಳಲಿಲ್ಲ. ಅವರು ತಿದ್ದಿಕೊಳ್ಳದಿದ್ದರೂ ಅವನು ಕುಡಿಯದೆ ಉಳಿದಿದ್ದಾನಲ್ಲ ಎಂದು ತೋರಿಸಿಕೊಟ್ಟವಳು ಲೋಯಿಸ್. ಬೆಳಕಿನ ಕಥೆ ಬಿಟ್ಟು ಮೊದಲು ರೋಗದ ಮಾತಾಡುವಂತೆ ಬುದ್ಧಿ ಹೇಳಿದವನು ಆಸ್ಪತ್ರೆಯ ವೈದ್ಯ ಸಿಲ್ಕ್‌ವರ್ತ್.

ಆಕ್ರನ್ನಿನ ಆ ಸಂಜೆ ಈ ಎರಡು ಮಾತುಗಳ ಬೆಲೆ ತಿಳಿಯಿತು. ತಾನು ಉಳಿಯಬೇಕಾದರೆ ಇನ್ನೊಬ್ಬ ಕುಡುಕ ಬೇಕು! ಟೆಲಿಫೋನಿನ ಕರೆಗಳು ಕಡೆಗೆ ಆಕ್ಸ್‌ಫರ್ಡ್ ಗ್ರೂಪಿನ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬಾಕೆಯನ್ನು ಮುಟ್ಟಿದವು. ಮರುದಿನ ಆಕೆಯ ಮನೆಯಲ್ಲಿ ಶಸ್ತ್ರವೈದ್ಯ ರಾಬರ್ಟ್ ಸ್ಮಿತ್‌ನ ಭೇಟಿ. ಕುಡಿತದಿಂದ ಜರ್ಜರಿತನಾಗಿದ್ದ ಸ್ಮಿತ್ ಒಪ್ಪಿದ್ದು ಕಾಲು ಗಂಟೆಗೆ. ಮಾತು ಸಾಗಿದ್ದು ಆರು ಗಂಟೆಗೂ ಮೀರಿ. ವಿಲ್ಸನ್ ಈ ಸಲ ಉಪದೇಶಿಸಲಿಲ್ಲ. ತನ್ನ ಕಥೆ ಹೇಳಿಕೊಂಡ. ಸ್ಮಿತ್ ಮತ್ತೊಮ್ಮೆ ಜಾರಿದ, ಮತ್ತೆ ಎದ್ದ. ಅವನು ಕೊನೆಯ ಸಲ ಕುಡಿದ ದಿನವೆಂದು ಬಳಗ ಎಣಿಸುವ ೧೯೩೫ರ ಜೂನ್ ೧೦ ಬಳಗದ ಹುಟ್ಟುಹಬ್ಬವಾಯಿತು. ೧೯೫೦ರಲ್ಲಿ ತೀರಿಕೊಳ್ಳುವವರೆಗೂ ಸ್ಮಿತ್ ಮಾತಿಗೆ ತಪ್ಪಲಿಲ್ಲ.

ಪರಿಪೂರ್ಣತೆಯನ್ನು ಬಯಸುತ್ತಿದ್ದ ಆಕ್ಸ್‌ಫರ್ಡ್ ಗ್ರೂಪಿನ ಆದರ್ಶ, ದಿನಕ್ಕೊಂದು ಹೆಜ್ಜೆಯಿಡುವ ಕುಡುಕರಿಗೆ ಭಾರವಾಯಿತು. ೧೯೩೭ರಲ್ಲಿ ನ್ಯೂಯಾರ್ಕಿನವರು, ೧೯೩೯ರಲ್ಲಿ ಓಹಾಯೋದವರು ಬೇರೆಯಾದರು. ನಿವೇದನೆ, ಪರಿಹಾರ, ಪ್ರಾರ್ಥನೆ, ಸೇವೆ ಇವು ಮಾತ್ರ ಹನ್ನೆರಡು ಮೆಟ್ಟಿಲುಗಳಾಗಿ ಉಳಿದು ೧೯೩೯ರ ಗ್ರಂಥದಲ್ಲಿ ಅಚ್ಚಾದವು. ನಂಬದವರ ಆಕ್ಷೇಪಕ್ಕೆ ವಿಲ್ಸನ್ ಕಿವಿಗೊಟ್ಟ. ದೇವರನ್ನು ಅವರವರು ತಿಳಿದಂತೆ ತಿಳಿಯಲೆಂದು ಬಾಗಿಲನ್ನು ಅಗಲ ತೆರೆದ.

ಅವನು ಸಂತನಾಗಲಿಲ್ಲ. ೧೯೪೪ರಿಂದ ಸುಮಾರು ಹತ್ತು ವರ್ಷ ಖಿನ್ನತೆ ಕಾಡಿತು. ಹೊಗೆಬತ್ತಿಯ ಚಟ ಶ್ವಾಸಕೋಶಗಳನ್ನು ತಿಂದಿತು. ಆದರೆ ಮೊದಲಿಗನಾಗುವ ಹಂಬಲ ಮಾತ್ರ ಮೆಲ್ಲಮೆಲ್ಲನೆ ಮಾಗಿತು. ೧೯೫೪ರಲ್ಲಿ ಯೇಲ್ ವಿಶ್ವವಿದ್ಯಾನಿಲಯ ಗೌರವ ಪದವಿ ನೀಡಲು ಮುಂದಾದಾಗ, ಅನಾಮಿಕತೆಯ ವ್ರತ ಮುರಿದೀತೆಂದು ವಿನಯದಿಂದ ನಿರಾಕರಿಸಿದ. ಮರುವರ್ಷ ಸೇಂಟ್ ಲೂಯಿ ಸಮ್ಮೇಳನದಲ್ಲಿ ಬಳಗದ ಹೊಣೆಯನ್ನು ಬಳಗಕ್ಕೇ ಒಪ್ಪಿಸಿದ.

೧೯೭೧ನೆಯ ಜನವರಿ ೨೪ರಂದು, ಮದುವೆಯಾಗಿ ಐವತ್ತಮೂರು ವರ್ಷ ತುಂಬಿದ ದಿನವೇ, ಮಯಾಮಿಯಲ್ಲಿ ಅವನ ಉಸಿರು ನಿಂತಿತು. ಈಸ್ಟ್ ಡಾರ್ಸೆಟ್ಟಿನ ಸಮಾಧಿಯ ಕಲ್ಲಿನ ಮೇಲೆ ಅವನು ಕಟ್ಟಿದ ಬಳಗದ ಹೆಸರಿಲ್ಲ. ಕುಡಿತ ಬಿಟ್ಟವರು ತಮ್ಮ ಸಂಯಮದ ಗುರುತಾಗಿ ಪಡೆದ ಬಿಲ್ಲೆಗಳನ್ನು ಆ ಕಲ್ಲಿನ ಬಳಿ ಇಟ್ಟು ಹೋಗುತ್ತಾರೆ.