ದೇಹವೇ ವಾದ್ಯ ಎಂದ ಕೇಶಿರಾಜ

ಮಕ್ಕಳೇ, ಕೇಶಿರಾಜ ಎಂದೊಡನೆ ನಿಮಗೆ ವ್ಯಾಕರಣ ನೆನಪಾಗುತ್ತದೆ ಅಲ್ಲವೇ? ಮಾತಿನ ಧ್ವನಿ ನಮ್ಮ ದೇಹದಲ್ಲಿ ಹುಟ್ಟುವುದು ಹೇಗೆ ಎಂಬ ವಿಜ್ಞಾನದ ಪ್ರಶ್ನೆಯನ್ನೂ ಆತ ಕೇಳಿದ್ದನು.

ಕೇಶಿರಾಜನು 13ನೇ ಶತಮಾನದಲ್ಲಿ, ಹೊಯ್ಸಳರ ಕಾಲದಲ್ಲಿ ಬಾಳಿದವನು. ತಂದೆ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ ಎಂಬ ಪದ್ಯಸಂಕಲನ ಮಾಡಿದವನು. ಸೋದರಮಾವ ಜನ್ನ ಹೆಸರಾಂತ ಕವಿ. ತಾಯಿಯ ತಂದೆ ಸುಮನೋಬಾಣನೂ ಕವಿಯೇ. ಆ ಹೊತ್ತಿಗೆ ಕನ್ನಡ ಬದಲಾಗುತ್ತಿತ್ತು. ‘ೞ’ ಎಂಬ ಹಳೆಯ ಅಕ್ಷರ ಯಾವ ಪದದಲ್ಲಿ ಬರಬೇಕು ಎಂಬುದೇ ಜನರಿಗೆ ಮರೆಯುತ್ತಿತ್ತು. ಇಂದಿನ ‘ಬಾಳೆ’ ಹಿಂದೆ ‘ಬಾೞೆ’ ಆಗಿತ್ತು. ಕೇಶಿರಾಜ ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ ರಚಿಸಿ, ಅಂತಹ ಪದಗಳನ್ನು ಪಟ್ಟಿ ಮಾಡಿಟ್ಟನು. ಆತನ ಕಾವ್ಯಗಳು ಇಂದು ಸಿಗುವುದಿಲ್ಲ. ಆದರೆ ಈ ಗ್ರಂಥ ಉಳಿಯಿತು. 1872ರಲ್ಲಿ ಕಿಟೆಲ್ ಅವರು ಇದನ್ನು ಮಂಗಳೂರಿನಲ್ಲಿ ಅಚ್ಚು ಮಾಡಿಸಿದರು.

ದೇಹವೇ ವಾದ್ಯ, ನಾಲಿಗೆಯೇ ಅದನ್ನು ನುಡಿಸುವ ಕೋಲು ಎಂದು ಕೇಶಿರಾಜ ವಿವರಿಸಿದನು. ನಾಭಿಯ ಬುಡದಲ್ಲಿ ಗಾಳಿಯ ನೆರವಿನಿಂದ ಕಹಳೆಯ ರೀತಿಯಲ್ಲಿ ಶಬ್ದ ಹುಟ್ಟುತ್ತದೆ, ಅದರ ಬಣ್ಣ ಬಿಳಿ ಎಂದೂ ಹೇಳಿದನು.

ಇದರಲ್ಲಿ ಸರಿ ಎಷ್ಟು, ತಪ್ಪು ಎಷ್ಟು? ಶಬ್ದವು ಕಂಪನ, ಅದಕ್ಕೆ ಬಣ್ಣವಿಲ್ಲ. ಅದು ಹುಟ್ಟುವುದು ನಾಭಿಯಲ್ಲಿ ಅಲ್ಲ, ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ. ಶ್ವಾಸಕೋಶದಿಂದ ಬರುವ ಗಾಳಿ ಅಲ್ಲಿನ ಎರಡು ಧ್ವನಿತಂತುಗಳನ್ನು ಕಂಪಿಸುತ್ತದೆ. ಹೆಂಗಸರಲ್ಲಿ ಇವು ಸೆಕೆಂಡಿಗೆ ಸುಮಾರು 200 ಬಾರಿ ಕಂಪಿಸುತ್ತವೆ. ಗಂಡಸರಲ್ಲಿ ಇದು ಕಡಿಮೆ, ಆದ್ದರಿಂದ ಅವರ ದನಿ ದಪ್ಪ. ಕಹಳೆ ಊದುವವನ ತುಟಿಗಳೂ ಹೀಗೆಯೇ ಕಂಪಿಸುತ್ತವೆ. ಕೇಶಿರಾಜನ ಹೋಲಿಕೆ ಎಷ್ಟು ಚೆನ್ನಾಗಿದೆ ನೋಡಿ!

ಗಂಟಲಿನ ಒಳಗೆ ನೋಡುವ ಸಾಧನ ಆತನಿಗಿರಲಿಲ್ಲ. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಗುರು ಪುಟ್ಟ ಕನ್ನಡಿ ಮತ್ತು ಸೂರ್ಯನ ಬೆಳಕಿನ ಸಹಾಯದಿಂದ ತನ್ನದೇ ಧ್ವನಿತಂತುಗಳನ್ನು ಕಂಡನು. ಈ ಉಪಾಯದಿಂದ ವೈದ್ಯರು ಗಂಟಲಿನ ರೋಗಗಳನ್ನು ಗುರುತಿಸತೊಡಗಿದರು. ನೀವು ಮಾತ್ರ ಬಾಯಿಯೊಳಗೆ ಕನ್ನಡಿ ಇಡಬೇಡಿ. ಯಾರದೇ ದನಿ ಮೂರು ವಾರ ಕಳೆದರೂ ಒಡೆದೇ ಇದ್ದರೆ ವೈದ್ಯರಿಗೆ ತೋರಿಸಬೇಕು.

ಮಾಡಿ ನೋಡಿ: ಗಂಟಲಿನ ಮೇಲೆ ಮೆಲ್ಲಗೆ ಬೆರಳಿಟ್ಟು ‘ಸ್ಸ್ಸ್’ ಎನ್ನಿ. ಆಮೇಲೆ ‘ಮ್ಮ್ಮ್’ ಎನ್ನಿ. ಯಾವಾಗ ಕಂಪನ ತಿಳಿಯಿತು? ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಕನ್ನಡ, ಮರಾಠಿ, ಉರ್ದು ಮಾತನಾಡುವ ಗೆಳೆಯರು ನಿಮಗಿದ್ದಾರೆ. ಅವರಿಗೂ ಮಾಡಲು ಹೇಳಿ. ಭಾಷೆ ಬೇರೆಯಾದರೂ ವಾದ್ಯ ಒಂದೇ ಎಂಬುದು ನಿಮ್ಮ ಬೆರಳಿಗೇ ಗೊತ್ತಾಗುತ್ತದೆ.